ಹಾಸಿಗೆ ಬದಿಯ ಪರೀಕ್ಷೆ



ಅರವತ್ತು ದಾಟಿದ ಸಕ್ಕರೆ ಕಾಯಿಲೆಯವರು. ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮೈಯೆಲ್ಲ ಬೆವರು. ಗ್ಯಾಸ್ ಇರಬೇಕು ಅನ್ನುತ್ತಾರೆ ಮನೆಯವರು. ಡಾಕ್ಟರು ಮೊದಲು ಏನು ಮಾಡಬೇಕು? ಇಸಿಜಿ. ಸಕ್ಕರೆ ಕಾಯಿಲೆ ಇದ್ದವರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಅಮೆರಿಕದಲ್ಲಿ ವೈದ್ಯವೃತ್ತಿಗೆ ಪರವಾನಗಿ ಬಯಸುವವರು, ನಮ್ಮ ಮೈಸೂರು, ಹುಬ್ಬಳ್ಳಿಯಲ್ಲಿ ಓದಿದವರೂ ಸೇರಿ, ತಿಂಗಳುಗಟ್ಟಲೆ ಬಿಡಿಸುವುದು ಇಂಥ ಪ್ರಶ್ನೆಗಳನ್ನೇ.

ಇಂಥ ಪ್ರಶ್ನೆಗಳ ಹಿಂದೊಂದು ಕಥೆಯಿದೆ. ಅಮೆರಿಕದ ವೈದ್ಯ ಪರೀಕ್ಷಕರ ರಾಷ್ಟ್ರೀಯ ಮಂಡಳಿ ಹುಟ್ಟಿದ್ದು 1915ರಲ್ಲಿ. ಮರುವರ್ಷ ವಾಷಿಂಗ್ಟನ್‌ನಲ್ಲಿ ಮೊದಲ ಪರೀಕ್ಷೆ. ಆಗೆಲ್ಲ ಅಭ್ಯರ್ಥಿ ಪ್ರಬಂಧ ಬರೆಯಬೇಕು, ನಿಜವಾದ ರೋಗಿಯ ಹಾಸಿಗೆ ಬದಿಯಲ್ಲಿ ನಿಂತು ಉತ್ತರವನ್ನೂ ಹೇಳಬೇಕು. ಆದರೆ ಒಬ್ಬನಿಗೇ ಇಬ್ಬರು ಪರೀಕ್ಷಕರು ಕೊಡುವ ಅಂಕ ಹೊಂದುತ್ತಿರಲಿಲ್ಲ. 1950ರ ದಶಕದಲ್ಲಿ ಪ್ರಬಂಧದ ಜಾಗಕ್ಕೆ ಬಹು ಆಯ್ಕೆಯ ಪ್ರಶ್ನೆ ಬಂತು. 1960ರ ದಶಕದಲ್ಲಿ ಹಾಸಿಗೆ ಬದಿಯ ಪರೀಕ್ಷೆಯೂ ಹೋಯಿತು.

ಅದರ ಬದಲಿಗೆ ಬಂದದ್ದು ನನಗೆ ಬಹಳ ಇಷ್ಟವಾದ ಉಪಾಯ. ಕಾಗದದ ಮೇಲೊಬ್ಬ ರೋಗಿ. ಯಾವ ತಪಾಸಣೆ ಬೇಕೋ ಅದರ ಎದುರಿನ ಮರೆಯನ್ನು ಉಜ್ಜಿದರೆ ಫಲಿತಾಂಶ ಕಾಣುತ್ತದೆ. ಒಮ್ಮೆ ಉಜ್ಜಿದ್ದನ್ನು ಮುಚ್ಚುವಂತಿಲ್ಲ, ಮಾಡಿಸಿದ ತಪಾಸಣೆಯನ್ನು ಮಾಡಿಸಿಲ್ಲ ಎನ್ನಲಾಗದ ಹಾಗೆ. ಆದರೂ ಈ ಉಪಾಯ ಉಳಿಯಲಿಲ್ಲ. ಎಲ್ಲವನ್ನೂ ಕೇಳುತ್ತಾ ಹೋದವರಿಗೆ ಹೆಚ್ಚು ಅಂಕ. ಎರಡೇ ಸುಳಿವಿನಲ್ಲಿ ರೋಗ ಹಿಡಿಯುವ ಅನುಭವಿಗೆ ಕಡಿಮೆ! ಇನ್ನೊಂದು ಸಂಗತಿಯನ್ನು ಎಲ್‌ಸ್ಟೈನ್, ಶುಲ್ಮನ್, ಸ್ಪ್ರಾಫ್ಕಾ 1978ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು: ಒಂದು ಕೇಸನ್ನು ಚೆನ್ನಾಗಿ ಬಿಡಿಸಿದವನು ಇನ್ನೊಂದನ್ನೂ ಬಿಡಿಸುತ್ತಾನೆಂಬ ಖಾತರಿಯಿಲ್ಲ.

ಇಡೀ ಕಥೆಯ ತಿರುವು ಇದೇ ಎಂದು ನನ್ನ ನಂಬಿಕೆ. ಒಬ್ಬ ರೋಗಿಯನ್ನು ಉದ್ದಕ್ಕೆ ಕೊಟ್ಟರೆ ಸಾಲದು, ಚಿಕ್ಕಚಿಕ್ಕದಾಗಿ ನೂರಾರು ಮಂದಿ ಬೇಕು. 1992ರಲ್ಲಿ ಶುರುವಾದ, 1999ರಲ್ಲಿ ಕಂಪ್ಯೂಟರಿಗೆ ಬಂದ ಅಮೆರಿಕದ ಪರವಾನಗಿ ಪರೀಕ್ಷೆ ಯು.ಎಸ್.ಎಂ.ಎಲ್.ಇ.ಯ ಬಹುಪಾಲು ಪ್ರಶ್ನೆಗಳು ಈ ಬಗೆಯವು. ಅಭ್ಯಾಸ ಮಾಡುವ ಮಕ್ಕಳಿಗೂ ಅದನ್ನೇ ಹೇಳುತ್ತೇನೆ. ಸರಿಯುತ್ತರ ಸಿಕ್ಕಿತೆಂದು ಪುಟ ಮಗುಚಬೇಡಿ. ಉಳಿದ ಆಯ್ಕೆಗಳು ಯಾಕೆ ತಪ್ಪು, ರೋಗಿಯ ವಯಸ್ಸೋ ಒಂದು ಲಕ್ಷಣವೋ ಬದಲಾದರೆ ಅವುಗಳಲ್ಲಿ ಯಾವುದು ಸರಿಯಾದೀತು, ಅದನ್ನು ಬಾಯಿಬಿಟ್ಟು ಹೇಳಿ ನೋಡಿ.

2004ರಲ್ಲಿ ಪರೀಕ್ಷೆಗೆ ಮನುಷ್ಯರು ಮತ್ತೆ ಬಂದರು: ರೋಗಿಯಂತೆ ನಟಿಸಲು ತರಬೇತಿ ಪಡೆದವರು. ಕೋವಿಡ್ ಕಾಲದಲ್ಲಿ ನಿಂತ ಆ ಭಾಗವನ್ನು 2021ರ ಜನವರಿಯಲ್ಲಿ ಕೈಬಿಟ್ಟರು. ನನಗದು ನಷ್ಟವೆಂದೇ ಅನ್ನಿಸುತ್ತದೆ. ಬೆವರುತ್ತಿರುವವರ ಕೈ ಹಿಡಿದು ಮಾತಾಡಿಸುವುದನ್ನು ಕಲಿಸಿ, ಕಲಿತರೋ ಎಂದು ನೋಡುವ ಹೊಣೆ ಈಗ ಕಾಲೇಜುಗಳದ್ದು.