ಒಡೆಯುವುದು ಸುಲಭ, ಗೆರೆ ಎಳೆಯುವುದು ಕಷ್ಟ

(ಮಹಿಳಾ ವೇದಿಕೆಯ ಆನ್‌ಲೈನ್ ಸಭೆಯಲ್ಲಿ ಆಡಿದ ಮಾತು)

"ನಿನ್ನ ಕೆಲಸ ಏನಮ್ಮಾ, ನಮಗೂ ತಿಳಿಯುವ ಹಾಗೆ ಹೇಳು" ಎಂದು ವೇದಿಕೆಯ ಹಿರಿಯರು ಕೇಳಿದ್ದರಿಂದ ಮೈಕ್ರೋಸರ್ವಿಸ್ ಬಗ್ಗೆ ನಾಲ್ಕು ಮಾತು.

ಒಂದು ದೊಡ್ಡ ಸಾಫ್ಟ್‌ವೇರನ್ನು ಒಂದೊಂದು ಕೆಲಸಕ್ಕೆ ಒಂದರಂತೆ ಸಣ್ಣ ಸಣ್ಣ ಸೇವೆಗಳಾಗಿ ಕಟ್ಟುವುದೇ ಮೈಕ್ರೋಸರ್ವಿಸ್. ಒಂದನ್ನು ಬದಲಿಸಲು ಉಳಿದವನ್ನು ಮುಟ್ಟಬೇಕಾಗಬಾರದು. 2014ರಲ್ಲಿ ಜೇಮ್ಸ್ ಲೂಯಿಸ್, ಮಾರ್ಟಿನ್ ಫೌಲರ್ ಬರೆದ ಲೇಖನದ ನಂತರ ಈ ಹೆಸರು ಬಹಳ ಜನಪ್ರಿಯವಾಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ತಂಡವೂ ಆರ್ಡರ್ ವ್ಯವಸ್ಥೆಯೊಂದನ್ನು 12 ಸೇವೆಗಳಾಗಿ ಒಡೆಯಿತು. ವಿನ್ಯಾಸ ನನ್ನದೇ. ಹೆಮ್ಮೆಯೂ ಇತ್ತು. ಒಂದು ರಾತ್ರಿ ಗ್ರಾಹಕರಿಗೆ ಎಸ್‌ಎಂಎಸ್ ಕಳುಹಿಸುವ ಸೇವೆ ನಿಧಾನವಾಯಿತು. ಅದರ ಉತ್ತರಕ್ಕೆ ಕಾಯುತ್ತಾ ಆರ್ಡರ್ ಸೇವೆ ನಿಂತಿತು, ಅದಕ್ಕೆ ಕಾಯುತ್ತಾ ಹಣ ಪಾವತಿಯೂ ನಿಂತಿತು. ಒಂದು ಎಸ್‌ಎಂಎಸ್‌ಗಾಗಿ ಇಡೀ ಅಂಗಡಿಯೇ ಬಾಗಿಲು ಹಾಕಿದಂತಾಯಿತು! ತಪ್ಪು ಎಸ್‌ಎಂಎಸ್‌ನದಲ್ಲ, ನಾನು ಎಳೆದ ಗೆರೆಯದು ಎಂದು ಮರುದಿನ ಎಲ್ಲರೆದುರು ಒಪ್ಪಿಕೊಳ್ಳಬೇಕಾಯಿತು.

ನಮ್ಮ ರಾಜ್ಯೋತ್ಸವವನ್ನೇ ನೆನಪಿಸಿಕೊಳ್ಳಿ. ಊಟದ ಸಮಿತಿಯವರು ಪ್ರತಿ ಎಲೆಗೂ ನೋಂದಣಿ ಸಮಿತಿಗೆ ಫೋನ್ ಮಾಡಿ, "ಇವರ ಹೆಸರಿದೆಯಾ?" ಎಂದು ಕೇಳುತ್ತಾ ನಿಂತರೆ ಪಂಕ್ತಿ ಮುಂದೆ ಸಾಗುವುದೇ? ನೋಂದಣಿಯಾದಾಗಲೆಲ್ಲ ಒಂದು ಸಂದೇಶ ಬಂದರೆ ಸಾಕು. ಊಟದವರು ತಮ್ಮ ಪಟ್ಟಿ ತಾವೇ ಇಟ್ಟುಕೊಳ್ಳುತ್ತಾರೆ. ನಾವೂ ಹಾಗೇ ಮಾಡಿದೆವು. ಆರ್ಡರ್ ಬಂದ ಸುದ್ದಿಯನ್ನು ಒಂದು ಸರತಿಯಲ್ಲಿ ಹಾಕಿಟ್ಟೆವು. ಎಸ್‌ಎಂಎಸ್ ಸೇವೆ ತನಗೆ ಬಿಡುವಾದಾಗ ಎತ್ತಿಕೊಳ್ಳುತ್ತದೆ.

ಎರಡನೆಯ ತಪ್ಪು, 12 ಸೇವೆಗಳಿಗೂ ಒಂದೇ ಡೇಟಾಬೇಸ್ ಉಳಿಸಿದ್ದು. ಒಬ್ಬರು ಒಂದು ಕಾಲಂ ಹೆಸರು ಬದಲಿಸಿದರೆ ಇನ್ನೊಬ್ಬರ ಕೆಲಸ ಕೆಡುತ್ತಿತ್ತು. ಮನೆ ಬೇರೆಯಾದರೂ ಬೀರುವಿನ ಕೀಲಿ ಒಂದೇ ಇದ್ದಂತೆ. ಪ್ರತಿ ಸೇವೆಯ ಮಾಹಿತಿ ಅದರದೇ ಆಗಿರಬೇಕು. ಬೇರೆಯವರು ಕೇಳಿ ಪಡೆಯಬೇಕು.

ಲೆಕ್ಕವೂ ಇದನ್ನೇ ಹೇಳುತ್ತದೆ. ಒಂದೊಂದು ಸೇವೆಯೂ ಶೇ. 99.9ರಷ್ಟು ಹೊತ್ತು ಸರಿಯಾಗಿದ್ದರೂ, ಒಂದಕ್ಕೊಂದು ಕಾಯುವ 12 ಸೇವೆಗಳ ಸರಪಳಿ ಸರಿಯಾಗಿರುವುದು ಸುಮಾರು ಶೇ. 98.8ರಷ್ಟು ಹೊತ್ತು ಮಾತ್ರ. ಅಂದರೆ ತಿಂಗಳಿಗೆ ಎಂಟು ಗಂಟೆಗೂ ಹೆಚ್ಚು ತೊಂದರೆ.

ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಅವರು ಕಟ್ಟುವ ವ್ಯವಸ್ಥೆಯೂ ಹಾಗೇ ಇರುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದರು. ಹಾಗಾಗಿ ಒಂದು ಸೇವೆಗೆ ಒಂದೇ ತಂಡ ಹೊಣೆಯಾಗಿರಲಿ. ತಂಡವೇ ಚಿಕ್ಕದಿದ್ದರೆ ಒಡೆಯುವ ಆತುರ ಬೇಡ. ಒಂದೇ ಪ್ರೋಗ್ರಾಂ ಒಳಗೆ ಅಚ್ಚುಕಟ್ಟಾಗಿ ಭಾಗ ಮಾಡಿಕೊಂಡರೂ ಸಾಕು.

ಈಗ ಹೊಸ ಸೇವೆಯ ವಿನ್ಯಾಸ ಬಂದಾಗ ನಾನು ಮೊದಲು ಕೇಳುವುದು ಒಂದೇ: "ಇದು ಒಂದು ಗಂಟೆ ನಿಂತರೆ ಉಳಿದವು ನಡೆಯುತ್ತವೆಯೇ?" ಉತ್ತರ "ಇಲ್ಲ" ಎಂದಾದರೆ ಗೆರೆಯನ್ನು ಮತ್ತೆ ಎಳೆಯುತ್ತೇವೆ.