ಹಿಮದ ನಾಡಿನಲ್ಲಿ ವ್ಯವಸ್ಥೆ ಕುಸಿದಾಗ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಸರ್ಕಾರ, ಸಂಬಳ, ಅಂಗಡಿ, ಇಂಧನ ಎಲ್ಲವೂ ಒಮ್ಮೆಗೇ ಕೈಬಿಟ್ಟರೆ ಒಂದು ಸಮುದಾಯ ಹೇಗೆ ಬದುಕೀತು? ಇದು ಕೇವಲ ಕಾದಂಬರಿಕಾರರ ಕಲ್ಪನೆಯ ಪ್ರಶ್ನೆಯಲ್ಲ. 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಗೊಂಡ ತರುವಾಯ ಏಷ್ಯಾದ ಈಶಾನ್ಯ ತುದಿಯಲ್ಲಿರುವ ಚುಕೋತ್ಕದ ಮೂಲನಿವಾಸಿಗಳು ಇದನ್ನು ಕಣ್ಣಾರೆ ಕಂಡರು.

ಚುಕೋತ್ಕವು ವಿಸ್ತಾರದಲ್ಲಿ ಕರ್ನಾಟಕದ ಮೂರು ಪಟ್ಟಿಗೂ ಮಿಗಿಲು. ಬೇರಿಂಗ್ ಜಲಸಂಧಿಯ ಆಚೆ ದಡವೇ ಅಮೆರಿಕದ ಅಲಾಸ್ಕ. ಒಳನಾಡಿನಲ್ಲಿ ಚಳಿಗಾಲದ ಉಷ್ಣತೆ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವುದುಂಟು. ನೇಗಿಲು ಹೂಡುವ ನೆಲ ಅದಲ್ಲ. ಒಳನಾಡಿನ ಚುಕ್ಚಿಗಳು ಹಿಮಸಾರಂಗಗಳನ್ನು ಸಾಕಿ ಬದುಕಿದವರು. ಕರಾವಳಿಯ ಚುಕ್ಚಿ ಮತ್ತು ಯೂಪಿಕ್ ಜನರು ವಾಲ್ರಸ್, ಸೀಲ್ ಹಾಗೂ ತಿಮಿಂಗಿಲಗಳ ಬೇಟೆಯಿಂದ ಬದುಕಿದವರು.

ಸೋವಿಯತ್ ಆಡಳಿತವು ಈ ಜೀವನಕ್ರಮವನ್ನು ಬುಡಸಮೇತ ಬದಲಿಸಿತು. ಕುಟುಂಬಗಳ ಹಿಂಡುಗಳು ಕ್ರಮೇಣ ಸರ್ಕಾರಿ ಕ್ಷೇತ್ರಗಳ ಆಸ್ತಿಯಾದವು, ಸಾಕುವವನು ಸಂಬಳದಾಳಾದನು. ಮಕ್ಕಳು ವಸತಿಶಾಲೆಗಳನ್ನು ಸೇರಿದರು. ಯೂಪಿಕ್ ಜನರ ಪುರಾತನ ಗ್ರಾಮವಾದ ನೌಕಾನನ್ನು 1958ರಲ್ಲಿ ತೆರವುಗೊಳಿಸಲಾಯಿತು. 1969ರಿಂದ ತಿಮಿಂಗಿಲ ಬೇಟೆಯೂ ಗ್ರಾಮಸ್ಥರ ಕೈತಪ್ಪಿತು. ಸರ್ಕಾರದ ಒಂದು ಹಡಗು ಬೇಟೆಯಾಡಿ ತರುತ್ತಿತ್ತು. ಆ ಮಾಂಸದ ಬಹುಪಾಲು ತುಪ್ಪಳಕ್ಕಾಗಿ ಸಾಕಿದ ನರಿಗಳಿಗೆ ಆಹಾರವಾಗುತ್ತಿತ್ತು. ಬದಲಿಗೆ ಜನರಿಗೆ ಶಾಲೆ, ಆಸ್ಪತ್ರೆ, ಸಂಬಳ ದೊರೆತವೆಂಬುದನ್ನೂ ಮರೆಯಲಾಗದು. ಆದರೆ ಕಲ್ಲಿದ್ದಲು, ಡೀಸೆಲ್, ಹಿಟ್ಟು, ಸಕ್ಕರೆ ಎಲ್ಲವೂ ದೂರದಿಂದಲೇ ಬರಬೇಕಾಗಿತ್ತು.

ಒಕ್ಕೂಟ ಕುಸಿದೊಡನೆ ಈ ಸರಪಳಿ ತುಂಡಾಯಿತು. ಸಂಬಳ ತಿಂಗಳುಗಟ್ಟಲೆ ಬರಲಿಲ್ಲ. ಹಿಂಡುಗಳ ಬಳಿಗೆ ಹೋಗುತ್ತಿದ್ದ ಹೆಲಿಕಾಪ್ಟರುಗಳ ಹಾರಾಟ ಬಹುಮಟ್ಟಿಗೆ ನಿಂತುಹೋಯಿತು. ನಡುಚಳಿಗಾಲದಲ್ಲಿ ಇಂಧನದ ಅಭಾವ ತಲೆದೋರಿತು. 1989ರಲ್ಲಿ ಸುಮಾರು 1 ಲಕ್ಷ 64 ಸಾವಿರವಿದ್ದ ಜನಸಂಖ್ಯೆ 2002ರ ವೇಳೆಗೆ ಸುಮಾರು 54 ಸಾವಿರಕ್ಕೆ ಇಳಿಯಿತು. ಹೊರಟವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದು ನೆಲಸಿದ್ದವರು. ಮೂಲನಿವಾಸಿಗಳಿಗೆ ಹೋಗಲು ಬೇರೆ ಊರಿರಲಿಲ್ಲ.

ಇಲ್ಲಿಂದ ಮುಂದೆ ಎರಡು ಬಗೆಯ ಪರಿಣಾಮಗಳನ್ನು ಕಾಣುತ್ತೇವೆ. ಕರಾವಳಿಯಲ್ಲಿ ಜನರು ಮತ್ತೆ ಸಮುದ್ರದತ್ತ ಮುಖಮಾಡಿದರು. ಹಡಗಿನ ಕಾಲಕ್ಕಿಂತ ಮುಂಚೆ ದೋಣಿಯಲ್ಲಿ ತಿಮಿಂಗಿಲವನ್ನು ಬೆನ್ನಟ್ಟಿದ್ದ ವೃದ್ಧರು ಇನ್ನೂ ಕೆಲವರು ಬದುಕಿದ್ದರು. ಅವರಿಂದ ಯುವಕರು ಈಟಿ ಎಸೆಯುವುದನ್ನೂ ಮಂಜುಗಡ್ಡೆಯ ಚಲನೆಯನ್ನು ಅರಿಯುವುದನ್ನೂ ಕಲಿತರು. ಅಲಾಸ್ಕದ ಮೂಲನಿವಾಸಿ ಬೇಟೆಗಾರರು ಸಲಕರಣೆ ಹಾಗೂ ತರಬೇತಿ ನೀಡಿ ನೆರವಾದರು. 1997ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಮೂಲನಿವಾಸಿಗಳ ಜೀವನಾಧಾರಕ್ಕೆಂದು 5 ವರ್ಷಗಳಿಗೆ 620 ಬೂದು ತಿಮಿಂಗಿಲಗಳ ಮಿತಿಯನ್ನು ನಿಗದಿಪಡಿಸಿತು. ಅದರ ಬಹುಪಾಲು ಚುಕೋತ್ಕದ್ದಾಗಿತ್ತು. ತಿಮಿಂಗಿಲದ ಚರ್ಮದಲ್ಲಿ 'ಸಿ' ಜೀವಸತ್ವವಿದೆ. ತರಕಾರಿ ಬೆಳೆಯದ ನಾಡಿನಲ್ಲಿ ಅದರ ಬೆಲೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಒಳನಾಡಿನ ಚಿತ್ರ ಬೇರೆ. ಸುಮಾರು 5 ಲಕ್ಷವಿದ್ದ ಹಿಮಸಾರಂಗಗಳು ಒಂದು ದಶಕದಲ್ಲಿ 1 ಲಕ್ಷದ ಆಸುಪಾಸಿಗೆ ಇಳಿದವು. ಹಸಿವಿಗೆ ಕಡಿದದ್ದುಂಟು, ಮದ್ಯಕ್ಕೆ ಮಾರಿದ್ದುಂಟು. ತೋಳಗಳಿಗೆ ಬಲಿಯಾದವು, ಕಾಡು ಹಿಂಡುಗಳೊಡನೆ ಹೊರಟುಹೋದವು. ಇದನ್ನು ಕಂಡು ಸಾಕುವವರನ್ನು ದೂಷಿಸುವುದು ಸುಲಭ. ಆದರೆ ಸೈಬೀರಿಯದ ಪಶ್ಚಿಮದಲ್ಲಿರುವ ಯಮಾಲ್ ಪರ್ಯಾಯದ್ವೀಪದತ್ತ ನೋಡಿ. ಅದೇ ದೇಶ, ಅದೇ ಕುಸಿತ. ಅಲ್ಲಿನ ನೆನೆತ್ಸ್ ಜನರ ಹಿಂಡುಗಳು ಅದೇ ಅವಧಿಯಲ್ಲಿ ಕುಗ್ಗುವ ಬದಲು ಬೆಳೆದವು.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವೊಂದಿದೆ. ಯಮಾಲಿನಲ್ಲಿ ಸೋವಿಯತ್ ಕಾಲದಲ್ಲಿಯೂ ಕುಟುಂಬಗಳು ಸ್ವಂತ ಹಿಂಡುಗಳನ್ನು ಗಣನೀಯ ಪ್ರಮಾಣದಲ್ಲಿ ಉಳಿಸಿಕೊಂಡಿದ್ದವು. ಗಂಡಸರು, ಹೆಂಗಸರು, ಚಿಕ್ಕಮಕ್ಕಳು ಡೇರೆಯೊಡನೆ ಒಟ್ಟಾಗಿಯೇ ವಲಸೆ ಹೋಗುತ್ತಿದ್ದರು. ಚರ್ಮ ಹದಮಾಡುವುದು, ಡೇರೆ ಹೂಡುವುದು, ಹಿಮದಡಿಯ ಮೇವನ್ನು ಗುರುತಿಸುವುದು ಮನೆಯೊಳಗೇ ಹರಿದುಬಂದ ವಿದ್ಯೆಯಾಗಿತ್ತು. ಚುಕೋತ್ಕದಲ್ಲಿ ಬಹುತೇಕ ಹಿಂಡು ಸರ್ಕಾರದ್ದು, ಮಕ್ಕಳು ಶಾಲೆಯಲ್ಲಿ, ಹೆಂಗಸರಲ್ಲಿ ಬಹಳಷ್ಟು ಮಂದಿ ಗ್ರಾಮದಲ್ಲಿ. ಸಂಬಳ ನಿಂತಾಗ ಹಿಂಡಿನ ಹಿಂದೆ ನಿಲ್ಲಲು ಕುಟುಂಬವೇ ಇರಲಿಲ್ಲ. ಆಹಾರದ ಮೂಲ ಯಾರ ಕೈಯಲ್ಲಿದೆ ಎಂಬುದು ಸುಭಿಕ್ಷದ ಕಾಲದಲ್ಲಿ ಲೆಕ್ಕಪತ್ರದ ವಿಷಯ. ಆಪತ್ತಿನಲ್ಲಿ ಅದು ಜೀವದ ವಿಷಯ.

ಆದರೂ ಪಾರಂಪರಿಕ ಜ್ಞಾನವೊಂದೇ ಸಾಕೆಂದು ನಾನು ಹೇಳುತ್ತಿಲ್ಲ. 2013ರ ನವೆಂಬರಿನಲ್ಲಿ ಯಮಾಲಿನಲ್ಲಿ ಹಿಮದ ಮೇಲೆ ಮಳೆ ಸುರಿಯಿತು. ಆ ನೀರು ಹೆಪ್ಪುಗಟ್ಟಿ ಮೇವಿನ ಮೇಲೆ ಮಂಜುಗಡ್ಡೆಯ ಪದರ ಕೂತಿತು. ಗೊರಸಿನಿಂದ ಅದನ್ನು ಒಡೆಯಲಾಗದೆ ಸುಮಾರು 61 ಸಾವಿರ ಹಿಮಸಾರಂಗಗಳು ಹಸಿವಿನಿಂದ ಸತ್ತವು. ಸಾಮ್ರಾಜ್ಯದ ಕುಸಿತವನ್ನು ತಾಳಿಕೊಂಡ ಜನ ಬಿಸಿಯಾಗುತ್ತಿರುವ ಭೂಮಿಯ ಹೊಡೆತಕ್ಕೆ ತತ್ತರಿಸಿದರು. ಹಿಂಡು ಕಳೆದುಕೊಂಡ ಕೆಲವು ಕುಟುಂಬಗಳಿಗೆ ನೆಂಟರು ಪ್ರಾಣಿಗಳನ್ನು ಎರವಲು ಕೊಟ್ಟು ಮತ್ತೆ ನಿಲ್ಲಲು ನೆರವಾದರು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಇಂಥ ಸಮುದಾಯಗಳನ್ನು ಕುರಿತು ಓದುವಾಗ ಅವರ ಧೈರ್ಯವನ್ನಷ್ಟೇ ಹೊಗಳಿ ಮುಂದೆ ಸಾಗಬೇಡಿರಿ. ಹಿಂಡು ಯಾರದು, ದೋಣಿ ಯಾರದು, ಬೇಟೆಯ ಹಕ್ಕು ಯಾರದು, ವಿದ್ಯೆ ಯಾರಿಂದ ಯಾರಿಗೆ ಸಾಗಿತು ಎಂದು ಕೇಳಿರಿ. ಚುಕೋತ್ಕದ ಕರಾವಳಿಯಲ್ಲಿ ಹಡಗು ನಿಂತಾಗ ಅಜ್ಜಂದಿರು ಬದುಕಿದ್ದರು. ಹಡಗು ಇನ್ನೊಂದು ತಲೆಮಾರು ಓಡಿದ್ದರೆ ಕೇಳಲು ಯಾರೂ ಉಳಿದಿರುತ್ತಿರಲಿಲ್ಲ.