ಬರದಲ್ಲಿಯೂ ನಮ್ಮೊಡನಿರುವ ಇಮ್ಮಾನುವೇಲ್
(ಕ್ರಿಸ್ತಜಯಂತಿಯ ಪ್ರಬೋಧನೆ)



ಮನೆಗಳಿಗೆ ನಕ್ಷತ್ರ ತೂಗಿದ್ದೇವೆ, ಗೋದಲಿ ಕಟ್ಟಿದ್ದೇವೆ, ಕರ್ಜಿಕಾಯಿ ಮಾಡಿ ನೆರೆಹೊರೆಗೆ ಹಂಚುತ್ತಿದ್ದೇವೆ. ಗೋದಲಿಯ ಮುಂದೆ ಮೊಣಕಾಲೂರಿದಾಗ ಒಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ಹುಲ್ಲಿನ ಮೇಲೆ ಮಲಗಿರುವ ಈ ಕಂದನನ್ನು ನಾವು ದೇವರೆನ್ನುತ್ತೇವೆ. ಆದರೆ ನಮ್ಮ ಮನಸ್ಸಿನಲ್ಲಿರುವ ದೇವರು ಈ ಕಂದನಂತಿದ್ದಾರೆಯೇ?

2019ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರೆ ಉಕ್ಕಿ ಹೊನ್ನಾಳಿಯ ಮನೆಗಳಿಗೆ ನೀರು ನುಗ್ಗಿತು. 2023ರಲ್ಲಿ ಮುಂಗಾರು ಕೈಕೊಟ್ಟಿತು; ರಾಜ್ಯದ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ನ್ಯಾಮತಿಯ ಹೊಲಗಳಲ್ಲಿ ಮೆಕ್ಕೆಜೋಳ ಒಣಗಿತು. ಚನ್ನಗಿರಿಯಲ್ಲಿ ಅಡಿಕೆ ತೋಟ ಉಳಿಸಿಕೊಳ್ಳಲು ಟ್ಯಾಂಕರ್ ನೀರು ತರಿಸಬೇಕಾಯಿತು. ಜಗಳೂರಿನ ಕಷ್ಟವನ್ನಂತೂ ಹೇಳಬೇಕಾಗಿಲ್ಲ. ಅಲ್ಲಿಯವರಿಗೆ ಬರ ಹೊಸ ನೆಂಟನಲ್ಲ.

ಎರಡು ಸಲವೂ ನಾವು ಪ್ರಾರ್ಥಿಸಿದೆವು. ಒಮ್ಮೆ ಮಳೆ ನಿಲ್ಲಲಿ ಎಂದು, ಇನ್ನೊಮ್ಮೆ ಮಳೆ ಬರಲಿ ಎಂದು. ಎರಡು ಸಲವೂ ನಮ್ಮ ಬಾಯಿಂದ ಒಂದೇ ಮಾತು ಬಂತು: "ಯಾರ ಪಾಪಕ್ಕೆ ಈ ಶಿಕ್ಷೆಯೋ!" ನಾವು ಅರಿಯದೆಯೇ ದೇವರನ್ನು ಪಾಪಪುಣ್ಯದ ಲೆಕ್ಕ ಬರೆಯುವ ಶಾನುಭೋಗರನ್ನಾಗಿ ಮಾಡಿಬಿಟ್ಟಿದ್ದೇವೆ. ಹರಕೆ ತೀರಿಸಿದರೆ ಮಳೆ, ಮರೆತರೆ ಬರ! ನಮ್ಮ ಮಕ್ಕಳೋ ಶಾಲೆಯಲ್ಲಿ ಬೇರೆ ಪಾಠ ಓದುತ್ತಾರೆ. 2023ರ ಮಳೆಯ ಕೊರತೆಗೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೊ ಒಂದು ಕಾರಣವೆಂದು ಅವರಿಗೆ ಗೊತ್ತು. ನಾವು ಶಾನುಭೋಗ ದೇವರನ್ನೇ ತೋರಿಸುತ್ತಾ ಹೋದರೆ, ಅವರು ಆ ದೇವರನ್ನು ಬಿಟ್ಟು ನಡೆಯುತ್ತಾರೆ. ಅದು ಅವರ ತಪ್ಪಲ್ಲ.

ಯೇಸುಸ್ವಾಮಿ ತೋರಿಸಿದ ದೇವರು ಇಂಥವರಲ್ಲ. ಸಿಲೊವಾಮಿನ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೆಂಬ ಮಾತನ್ನು ಸ್ವಾಮಿ ಒಪ್ಪಲಿಲ್ಲ. ಕೇಳಿದವರೆಲ್ಲರೂ ತಮ್ಮ ತಮ್ಮ ಬಾಳನ್ನು ತಿದ್ದಿಕೊಳ್ಳಲಿ ಎಂದರು. ಹುಟ್ಟುಕುರುಡನನ್ನು ಕಂಡು ಶಿಷ್ಯರು ಯಾರ ಪಾಪವೆಂದು ಕೇಳಿದಾಗ, ಅವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲ ಎಂದರು. ಪಿತನು ನೀತಿವಂತರಿಗೂ ಅನೀತಿವಂತರಿಗೂ ಮಳೆ ಸುರಿಸುತ್ತಾರೆ ಎಂದು ಬೋಧಿಸಿದರು.

ಕ್ರಿ.ಶ. 325ರಲ್ಲಿ ನಿಸಿಯ ಮಹಾಸಭೆ ಸೇರಿತು. 2025ಕ್ಕೆ ಅದಕ್ಕೆ 1700 ವರ್ಷ ತುಂಬಿತು. ಪುತ್ರನು ಪಿತನಿಗಿಂತ ಕೆಳಗಿನವನು, ಸೃಷ್ಟಿಯಾದವನು ಎಂದು ಆರಿಯುಸ್ ಎಂಬ ಗುರು ಬೋಧಿಸುತ್ತಿದ್ದ. ಮಹಾಸಭೆ ಅದನ್ನು ತಳ್ಳಿಹಾಕಿ, ಪುತ್ರನು ನಿಜವಾಗಿಯೂ ದೇವರೆಂದು ಸಾರಿತು. ಭಾನುವಾರದ ವಿಶ್ವಾಸಸಂಗ್ರಹದಲ್ಲಿ ನಾವು ಅದನ್ನೇ ಹೇಳುತ್ತೇವೆ. ಇದು ಪಂಡಿತರಿಗೆ ಮಾತ್ರ ಬೇಕಾದ ವಿಷಯವಲ್ಲ. ಯೇಸುವಿನ ಬೆನ್ನ ಹಿಂದೆ ಬೇರೊಬ್ಬ ಕೋಪಿಷ್ಠ ದೇವರು ಅಡಗಿ ಕುಳಿತಿಲ್ಲ ಎಂಬುದೇ ಇದರ ಅರ್ಥ. ಯೇಸು ಹೇಗೋ ದೇವರೂ ಹಾಗೆಯೇ.

ಹಾಗಾದರೆ ಮಳೆಗಾಗಿ ಪ್ರಾರ್ಥಿಸುವುದು ವ್ಯರ್ಥವೇ? ಖಂಡಿತ ಅಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸುವೂ ಬೇಡಿಕೊಂಡರು. ಆ ಪಾತ್ರೆ ಅವರಿಂದ ದೂರವಾಗಲಿಲ್ಲ. ಆದರೆ ಎದ್ದು ಶಿಲುಬೆಯತ್ತ ನಡೆಯುವ ಬಲ ದೊರಕಿತು. ಪ್ರಾರ್ಥನೆ ದೇವರೊಡನೆ ಮಾಡುವ ವ್ಯಾಪಾರವಲ್ಲ. ಮಕ್ಕಳು ತಂದೆಯ ಬಳಿ ತೋಡಿಕೊಳ್ಳುವ ಅಳಲು. ಆ ಅಳಲನ್ನು ಕೇಳಿದ ದೇವರು ದೂರದಲ್ಲಿ ನಿಲ್ಲದೆ ನಜರೇತಿನ ಬಡಗಿಯಾಗಿ ನಮ್ಮ ನಡುವೆ ಬೆವರು ಸುರಿಸಿದರು.

ಬರದಲ್ಲಿ ದೇವರೆಲ್ಲಿದ್ದರು? ತನ್ನ ಕೊಳವೆಬಾವಿಯ ನೀರನ್ನು ಜಾತಿ ಕೇಳದೆ ಬಿಟ್ಟುಕೊಟ್ಟ ರೈತನ ಅಂಗಳದಲ್ಲಿದ್ದರು. ಹೊನ್ನಾಳಿಯನ್ನು ದಾಟಿ ಹರಿಯುವ ಅದೇ ತುಂಗಭದ್ರೆಯ ನೀರನ್ನು ಮೇಲೆತ್ತಿ ಜಗಳೂರು ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆ ರೂಪುಗೊಂಡಿತಲ್ಲವೇ? ಅದಕ್ಕಾಗಿ ಶ್ರಮಿಸಿದವರು ಬಹುಪಾಲು ನಮ್ಮ ಧರ್ಮದವರಲ್ಲ. ಆದರೂ ಬಾಯಾರಿದವರಿಗೆ ಕೊಟ್ಟ ನೀರು ತಮಗೇ ಕೊಟ್ಟದ್ದೆಂದು ಯೇಸುಸ್ವಾಮಿ ಹೇಳಿದ್ದಾರೆ.

ಪ್ರಿಯರೇ, ನೆರೆಯವನ ಬೋರ್‌ವೆಲ್ ಬತ್ತಿದಾಗ, ಅವನ ಮನೆಯಲ್ಲಿ ಕಾಯಿಲೆ ಬಂದಾಗ, "ಏನು ಪಾಪ ಮಾಡಿದ್ದನೋ" ಎನ್ನುವ ಮಾತನ್ನು ಈ ಹಬ್ಬದಿಂದ ನಾವು ಬಿಟ್ಟುಬಿಡೋಣ. ಒಂದು ಕೊಡ ನೀರು ಹಿಡಿದು ಅವನ ಬಾಗಿಲಿಗೆ ಹೋಗೋಣ. ದೇವರು ನಮ್ಮೊಡನಿದ್ದಾರೆಂದು ಅವನಿಗೆ ಗೊತ್ತಾಗುವುದು ಹಾಗೆಯೇ.

ತಮ್ಮೆಲ್ಲರಿಗೂ ಕ್ರಿಸ್ತಜಯಂತಿಯ ಹಾರ್ದಿಕ ಶುಭಾಶಯಗಳು. ಆಮೆನ್.